ಬಡಾವಣೆಯ ಆಟದಂಗಳ: ಹಳೆಯದನ್ನು ಕಿತ್ತು ಹೊಸದನ್ನು ನಿಲ್ಲಿಸುವ ಬಗೆ

ಆಟದಂಗಳ ಬದಲಿಸಲು ಹೊರಟವರು ಮೊದಲು ತೆರೆಯುವುದು ಸಲಕರಣೆಗಳ ಕ್ಯಾಟಲಾಗ್. ಅದನ್ನು ಮುಚ್ಚಿಟ್ಟು ಅಳತೆ ಟೇಪು ಹಿಡಿದು ಜಾಗಕ್ಕೆ ಹೋಗಿ. ಏನು ಕೊಳ್ಳಬಹುದು, ಏನು ಕೊಳ್ಳಬಾರದು ಎಂಬುದು ನೆಲದ ಮೇಲೆಯೇ ತೀರ್ಮಾನವಾಗಬೇಕು.

ಜಾಗದ ಒಡೆತನ ಯಾರದೋ ಅವರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಮುಂದಿನ ರಿಪೇರಿ ಯಾರ ಹೊಣೆ, ಪೆಟ್ಟಾದರೆ ವಿಮೆ ಯಾರದು ಎಂಬುದೂ ಅದರಲ್ಲಿರಲಿ. ನೆಲದಡಿಯ ನೀರು, ವಿದ್ಯುತ್, ಗ್ಯಾಸ್ ಲೈನುಗಳನ್ನು ಆಯಾ ಇಲಾಖೆಯವರಿಂದಲೇ ಗುರುತು ಹಾಕಿಸಿ.

ಈಗ ಲೆಕ್ಕ. ಜಾರುಬಂಡೆ, ಹತ್ತುವ ಏಣಿಯಂಥ ನಿಂತ ಸಲಕರಣೆಯ ಸುತ್ತ ಕನಿಷ್ಠ 1.8 ಮೀಟರ್ ಖಾಲಿ ಬೇಕು. ಉಯ್ಯಾಲೆಗೆ ಇದು ಸಾಲದು. ತೂಗುಹಾಕುವ ಅಡ್ಡಪಟ್ಟಿಯ ಎತ್ತರದ ಎರಡರಷ್ಟು ಜಾಗ ಮುಂದೆಯೂ ಹಿಂದೆಯೂ ಬಿಡಬೇಕು. ಪಟ್ಟಿ 2.4 ಮೀಟರ್ ಎತ್ತರದಲ್ಲಿದ್ದರೆ ಮುಂದೆ 4.8, ಹಿಂದೆ 4.8, ಒಟ್ಟು 9.6 ಮೀಟರ್. ಒಂದು ಚೌಕಟ್ಟಿಗೆ ಎರಡೇ ಉಯ್ಯಾಲೆ. ಅವುಗಳ ನಡುವೆ 60 ಸೆಂಟಿಮೀಟರ್, ಕಂಬದಿಂದ 75. ಸುಣ್ಣದ ಪುಡಿಯಲ್ಲಿ ಇಷ್ಟನ್ನೂ ನೆಲದ ಮೇಲೆ ಎಳೆದರೆ ಸಮಿತಿಯ ಅರ್ಧ ಆಸೆಗಳು ಅಲ್ಲೇ ಉದುರುತ್ತವೆ. ಉದುರಲಿ, ಹಣ ಕೊಟ್ಟ ಮೇಲೆ ಉದುರುವುದಕ್ಕಿಂತ ವಾಸಿ. 5 ವರ್ಷದೊಳಗಿನ ಮಕ್ಕಳ ಜಾಗ ದೊಡ್ಡ ಮಕ್ಕಳ ಓಡಾಟದಿಂದ ದೂರವಿರಲಿ.

ಬಜೆಟ್ ತಪ್ಪುವುದು ಹಾಸಿನಲ್ಲಿ, ಅಂದರೆ ಬಿದ್ದವರಿಗೆ ಪೆಟ್ಟಾಗದಂತೆ ನೆಲಕ್ಕೆ ಹಾಸುವ ಮೆತ್ತನೆಯ ಪದರದಲ್ಲಿ. ಹುಲ್ಲು, ಗಟ್ಟಿಮಣ್ಣು ಮೆತ್ತಗೆ ಕಂಡರೂ ಬಿದ್ದ ತಲೆಯನ್ನು ಕಾಯುವುದಿಲ್ಲ. ಮರದ ಚಕ್ಕೆ ಹಾಸುವುದಾದರೆ ಕುಳಿತ ಮೇಲೂ 23 ಸೆಂಟಿಮೀಟರ್ ದಪ್ಪ ಉಳಿಯಬೇಕು. ಕಾಲ್ತುಳಿತಕ್ಕೆ ಸುಮಾರು ಕಾಲು ಭಾಗ ಇಳಿಯುವುದರಿಂದ 30 ಸೆಂಟಿಮೀಟರ್ ಸುರಿಯಿರಿ. 12 × 10 ಮೀಟರ್ ಅಂಗಳಕ್ಕೆ ಅದು 36 ಘನ ಮೀಟರ್. 80 ಲೀಟರಿನ ತಳ್ಳುಗಾಡಿಯಲ್ಲಿ 450 ಸಲ ಸಾಗಿಸಬೇಕು. ಹತ್ತು ಗಾಡಿಗಳಿಲ್ಲದೆ ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ. ಚಕ್ಕೆಯ ಕೆಳಗೆ ನೀರು ಇಳಿಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಅಗ್ಗವೆಂದು ಪ್ಲಾಸ್ಟಿಕ್ ಹಾಳೆ ಹಾಕಿದರೆ ನೀರು ನಿಂತು ಚಕ್ಕೆ ಕೊಳೆಯುತ್ತದೆ.

ಕಿತ್ತುಹಾಕುವಾಗ ಹಳೆಯ ಕಂಬಗಳನ್ನು ನೆಲಮಟ್ಟಕ್ಕೆ ಕತ್ತರಿಸಿ ಬಿಡಬೇಡಿ. ಹಾಸು ಸವೆದಾಗ ಆ ಮೋಟುಗಳು ಮೇಲೆ ಬರುತ್ತವೆ, ಹೊಸ ಗುಂಡಿಗೂ ಅಡ್ಡವಾಗುತ್ತವೆ. ಕಾಂಕ್ರೀಟ್ ಗಡ್ಡೆ ಸಮೇತ ಎತ್ತಿಸಿ. ಹಳೆಯ ಬಣ್ಣದಲ್ಲಿ ಸೀಸ, ರಾಸಾಯನಿಕ ಉಣಿಸಿದ ಹಳೆಯ ಮರದಲ್ಲಿ ಆರ್ಸೆನಿಕ್ ಇರಬಹುದು, ಉಜ್ಜಬೇಡಿ, ಸುಡಬೇಡಿ.

ಸಾಮಾನು ಬಂದ ದಿನವೇ ಪಟ್ಟಿ ಹಿಡಿದು ಎಣಿಸಿ. ಒಂದು ಬ್ರಾಕೆಟ್ ಇಲ್ಲವೆಂದು ಕೆಲಸದ ದಿನ ತಿಳಿದರೆ ಕೈಜೋಡಿಸಲು ಬಂದ ಬಡಾವಣೆಯ ನಲವತ್ತು ಜನ ಕೈಕಟ್ಟಿ ನಿಲ್ಲಬೇಕಾಗುತ್ತದೆ. ನಟ್ಟು, ಬೋಲ್ಟುಗಳನ್ನು ಬೇರೆಬೇರೆ ಡಬ್ಬಿಗಳಿಗೆ ಹಾಕಿ, ಯಾವ ಭಾಗಕ್ಕೆಂದು ಬರೆದಿಡಿ. ಆರೆಂಟು ಜನರ ತಂಡಕ್ಕೆ ನಕ್ಷೆಯನ್ನು ಮೊದಲೇ ಓದಿಕೊಂಡ ಒಬ್ಬ ಮುಖ್ಯಸ್ಥ ಸಾಕು. ವಿದ್ಯುತ್ ಉಪಕರಣ ಚಿಕ್ಕವರ ಕೈಗೆ ಬೇಡ.

ಗುಂಡಿಗಳನ್ನು ಹಿಂದಿನ ದಿನವೇ ಯಂತ್ರದಿಂದ ತೋಡಿಸಿ. ಕಂಬದ ಮೇಲೆ ತಯಾರಕರು ಹಾಕಿದ ಗೆರೆ ಹಾಸು ಮುಗಿದ ಮೇಲಿನ ಮಟ್ಟವನ್ನು ತೋರಿಸುತ್ತದೋ ಬರಿಮಣ್ಣಿನ ಮಟ್ಟವನ್ನೋ ಎಂದು ನಕ್ಷೆಯಲ್ಲಿ ನೋಡಿಕೊಳ್ಳಿ. ಹಾಸಿನ ಮಟ್ಟದ ಗೆರೆಯನ್ನು ಮಣ್ಣಿನದೆಂದುಕೊಂಡರೆ ಕಂಬ 30 ಸೆಂಟಿಮೀಟರ್ ಹೆಚ್ಚು ಹೂತುಹೋಗಿ, ಚಕ್ಕೆ ಸುರಿದ ಮೇಲೆ ಜಾರುಬಂಡೆಯ ಬಾಯಿ ಮುಚ್ಚಿಹೋಗುತ್ತದೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಇದನ್ನು ಸರಿಪಡಿಸಲು ದಾರಿಯಿಲ್ಲ, ಒಡೆಯಬೇಕಷ್ಟೆ.

30 ಸೆಂಟಿಮೀಟರ್ ಅಗಲ, 90 ಆಳದ ಗುಂಡಿಯೊಂದಕ್ಕೆ ಸುಮಾರು 0.064 ಘನ ಮೀಟರ್ ಕಾಂಕ್ರೀಟ್ ಹಿಡಿಯುತ್ತದೆ. ಇಪ್ಪತ್ತು ಗುಂಡಿಗೆ ಸುಮಾರು 1.3, ಚೆಲ್ಲಿಹೋಗುವುದನ್ನೂ ಸೇರಿಸಿ 1.4 ತರಿಸಿ. ಮೊದಲು ಬೋಲ್ಟುಗಳನ್ನು ಸಡಿಲವಾಗಿಟ್ಟು ಇಡೀ ಚೌಕಟ್ಟು ಜೋಡಿಸಿ, ರಸಮಟ್ಟದಿಂದ ಮಕ್ಕಳು ನಿಲ್ಲುವ ಅಟ್ಟವನ್ನೂ ಕಂಬಗಳನ್ನೂ ನೋಡಿ ಊರುಗೋಲು ಕೊಡಿ, ಆಮೇಲೆ ಬಿಗಿದು ಕಾಂಕ್ರೀಟ್ ಸುರಿಯಿರಿ. ಒಂದೊಂದೇ ಕಂಬಕ್ಕೆ ಸುರಿಯುತ್ತ ಹೋದರೆ ಕೊನೆಯ ಕಂಬಕ್ಕೆ ಬೋಲ್ಟಿನ ತೂತುಗಳು ಕೂಡುವುದಿಲ್ಲ.

ಕಾಂಕ್ರೀಟ್ ಒಣಗಲು ತಯಾರಕರು ಹೇಳಿದಷ್ಟು ದಿನ ಬಿಡಬೇಕು. ಮೂರು ದಿನಕ್ಕೆ ಕಡಿಮೆ ಬೇಡ. ಬರೀ ಹಗ್ಗ ಕಟ್ಟಿದರೆ ಮಕ್ಕಳು ನುಸುಳುತ್ತಾರೆ, ಗಟ್ಟಿ ಬೇಲಿಯೇ ಬೇಕು.

ತೆರೆಯುವ ಮುನ್ನ ಸಂದುಗಳನ್ನು ಅಳೆಯಿರಿ. 9ರಿಂದ 23 ಸೆಂಟಿಮೀಟರ್ ನಡುವಿನ ತೆರಪಿನಲ್ಲಿ ಮೈ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ನಟ್ಟಿನಾಚೆ ಎರಡು ಸುತ್ತಿಗಿಂತ ಹೆಚ್ಚು ಬೋಲ್ಟು ಚಾಚಿರಬಾರದು, ಬಟ್ಟೆ ಸಿಕ್ಕಿಕೊಳ್ಳುತ್ತದೆ. ಉಯ್ಯಾಲೆಯ ಕೆಳಗೂ ಜಾರುಬಂಡೆಯ ಬಾಯಲ್ಲೂ ಚಕ್ಕೆ ಬೇಗ ಚೆದುರುವುದರಿಂದ, ವಾರಕ್ಕೊಮ್ಮೆ ಕುಂಟೆ ಎಳೆಯುವವರ ಹೆಸರುಗಳನ್ನು ಉತ್ಸಾಹ ಆರುವ ಮೊದಲೇ ಬರೆಸಿಕೊಳ್ಳಿ.