ಹೊಳೆದಂಡೆಗೆ ಹತ್ತು ದಿನದ ಚಿತ್ತಾರ

ಶಿವಮೊಗ್ಗದಲ್ಲಿ ಮಳೆ ಎಷ್ಟು ಬಲಿಯಿತು ಎಂದು ತಿಳಿಯಲು ಜನ ಪತ್ರಿಕೆ ತೆರೆಯುವುದಿಲ್ಲ. ಕೋರ್ಪಲಯ್ಯ ಛತ್ರದ ಬಳಿ ಹೊಳೆಯೊಳಗಿರುವ ಮಂಟಪ ಮುಳುಗಿತೇ ಎಂದು ಕೇಳುತ್ತಾರೆ. ಮುಳುಗಿದ ದಿನ ಸೇತುವೆಯ ಮೇಲೆ ಊರಿಗೆ ಊರೇ ನೆರೆಯುತ್ತದೆ. ಜನವರಿಯಲ್ಲಿ ಅದೇ ತುಂಗೆ ಬಂಡೆಗಳ ನಡುವೆ ತೆಳ್ಳಗೆ ಹರಿಯುವಾಗ ಅತ್ತ ತಿರುಗಿ ನೋಡುವವರು ಕಡಿಮೆ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ದಂಡೆಯ ಮೇಲೆ ನಡಿಗೆ ಹಾದಿ ಆಗಿದೆ. ಬೆಳಿಗ್ಗೆ ಬೀಸುಗಾಲು ಹಾಕುವವರು ಬರುತ್ತಾರೆ, ಸಂಜೆ ಹುಡುಗರು ಬರುತ್ತಾರೆ. ನಡುವಿನ ಹೊತ್ತಿನಲ್ಲಿ ಅದು ಬಿಸಿಲಿಗೆ ಕಾಯುವ ಕಾಂಕ್ರೀಟು.

ನಾನು ಇಪ್ಪತ್ತಾರು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವಳು. ನಿವೃತ್ತಿಯಾದ ಮೇಲೆ ಹನ್ನೊಂದು ಮಂದಿ ಸೇರಿ ಆ ಹಾದಿಯ ಅರವತ್ತು ಮೀಟರ್ ತುಂಡನ್ನು ಹತ್ತು ದಿನಗಳ ಮಟ್ಟಿಗೆ ಕುಳಿತುಕೊಳ್ಳುವ ಜಾಗವನ್ನಾಗಿ ಮಾಡಿದೆವು. ನಿಮ್ಮ ಊರಿನಲ್ಲೂ ಹೊಳೆಯೋ ಕೆರೆಯೋ ಅದರ ಪಕ್ಕದಲ್ಲೊಂದು ಹಾದಿಯೋ ಇದ್ದರೆ ಈ ಕೆಲಸ ನೀವೂ ಮಾಡಬಹುದು. ನಾವು ಮಾಡಿದ್ದನ್ನೂ ಕೆಡಿಸಿಕೊಂಡದ್ದನ್ನೂ ಎರಡನ್ನೂ ಹೇಳುತ್ತೇನೆ.

ಮೊದಲು ಬಣ್ಣ ತರಬೇಡಿ. ನೋಟ್‌ಬುಕ್ ಹಿಡಿದು ಮೂರು ದಿನ ಅಲ್ಲೇ ಕುಳಿತುಕೊಳ್ಳಿ, ಅದರಲ್ಲಿ ಒಂದು ದಿನ ಭಾನುವಾರವಾಗಿರಲಿ. ಯಾರು ನಿಂತರು, ಯಾರು ನಿಲ್ಲದೆ ಹೋದರು, ನಿಂತವರು ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು ಎಂದು ಬರೆದುಕೊಳ್ಳಿ. ಮೂರು ದಿನದಲ್ಲಿ ನಮಗೆ ಒಂಟಿಯಾಗಿ ಕುಳಿತ ಹೆಂಗಸು ಒಬ್ಬಳೂ ಕಾಣಲಿಲ್ಲ. ಮೊಮ್ಮಗುವನ್ನು ಕರೆತಂದ ಅಜ್ಜಿಯೊಬ್ಬರು ಬೆಂಚಿನ ಮೇಲೆ ಕೈಯಿಟ್ಟು, ಬಿಸಿ ತಾಗಿ, ಹಾಗೆಯೇ ಮುಂದೆ ಹೋದರು. ನಮ್ಮ ಇಡೀ ಯೋಜನೆ ಹುಟ್ಟಿದ್ದು ಆ ಕೈಯಿಂದ. ಗೋಡೆಯ ಮೇಲೆ ದೊಡ್ಡ ಮೀನು ಬರೆಯಬೇಕೆಂದು ಹೊರಟಿದ್ದ ನಾವು, ಆ ಹಾದಿಗೆ ಬೇಕಾದದ್ದು ಮೊದಲು ನೆರಳು ಎಂದು ಒಪ್ಪಿಕೊಂಡೆವು. ಅಂದವಾಗಿ ಕಾಣುವುದು ಮಾತ್ರ ನಿಮ್ಮ ಗುರಿಯಾದರೆ ಜನ ಒಂದು ಫೋಟೊ ತೆಗೆದು ಹೊರಟು ಹೋಗುತ್ತಾರೆ. ಅಲ್ಲಿ ಏನು ಕೊರತೆಯಿದೆಯೋ ಅದನ್ನೇ ಚಿತ್ರ ತುಂಬಬೇಕು.

ಕಾಲದ ವಿಷಯ ಚುಟುಕಾಗಿ ಹೇಳುತ್ತೇನೆ. ಹೊಳೆಯ ದಂಡೆಯಾದರೆ ಸಂಕ್ರಾಂತಿಗೂ ಶಿವರಾತ್ರಿಗೂ ನಡುವೆ ಇಟ್ಟುಕೊಳ್ಳಿ. ಮೇಲಿನ ಗಾಜನೂರು ಜಲಾಶಯ 3.24 ಟಿಎಂಸಿಯ ಸಣ್ಣ ಜಲಾಶಯ, ಮುಂಗಾರು ಹಿಡಿದ ಕೆಲವೇ ವಾರಗಳಲ್ಲಿ ತುಂಬುತ್ತದೆ. 2019ರ ಆಗಸ್ಟಿನಲ್ಲಿ ಹೊಳೆ ಬಡಾವಣೆಗಳ ಒಳಗೇ ನುಗ್ಗಿದ್ದನ್ನು ನಾವು ಕಂಡಿದ್ದೇವೆ. ನೀರು ಏರುವ ತಿಂಗಳುಗಳಲ್ಲಿ ದಂಡೆಯ ಮೇಲೆ ಬಿಡಿ ವಸ್ತು ಯಾವುದೂ ಇರಬಾರದು.

ಇನ್ನು ನೆರಳಿನ ಚಪ್ಪರ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ನಾವು ಹೆಚ್ಚು ಕಲಿತದ್ದು ಇಲ್ಲಿ.

ನಮ್ಮೂರು ಅಡಿಕೆಯ ಊರು. ಮಂಡಿಗಳಲ್ಲಿ ಹಳೆಯ ಗೋಣಿಚೀಲ ಸುಲಭವಾಗಿ ಸಿಗುತ್ತದೆ. ಚೀಲಗಳ ಹೊಲಿಗೆ ಬಿಚ್ಚಿ, ಎರಡು ಪದರ ಒಂದರ ಮೇಲೊಂದಿಟ್ಟು, ಮೂರು ಮೀಟರ್ ಚದರದ ತಾಟುಗಳನ್ನು ಹೊಲಿದೆವು. ಫ್ಲೆಕ್ಸ್ ಹಾಳೆಯ ಆಲೋಚನೆಯೇ ಬೇಡ. ರಾಜ್ಯದಲ್ಲಿ 2016ರಿಂದಲೇ ಅದಕ್ಕೆ ನಿಷೇಧವಿದೆ, ಇಲ್ಲದಿದ್ದರೂ ಹೊಳೆಯ ಪಕ್ಕ ಅದನ್ನು ತರಬಾರದು. ತಾಟಿನಲ್ಲಿ ತೂತು ಕೊರೆದು, ಬಿಸಿಲು ಅದರ ಮೂಲಕ ಇಳಿದು ನೆಲದ ಮೇಲೆ ರಂಗೋಲಿಯ ಚುಕ್ಕಿ ಬೀಳುವಂತೆ ಮಾಡುವುದು ನಮ್ಮ ಎಣಿಕೆ. ಮೊದಲ ತಾಟಿನಲ್ಲಿ ನಾನು ಎರಡು ದಿನ ಕುಳಿತು ಸಣ್ಣ ಸಣ್ಣ ನಕ್ಷತ್ರ, ತ್ರಿಕೋನ, ಎಲೆಯ ಆಕಾರಗಳನ್ನು ಕತ್ತರಿಸಿದೆ. ಎತ್ತಿ ಕಟ್ಟಿ ನೋಡಿದರೆ ನೆಲದ ಮೇಲೆ ನಕ್ಷತ್ರವೂ ಇಲ್ಲ, ಎಲೆಯೂ ಇಲ್ಲ. ಎಲ್ಲವೂ ಉರುಟು ಚುಕ್ಕಿಗಳು.

ಕಾರಣ ಸೂರ್ಯನೇ. ಅವನು ಬಿಂದುವಲ್ಲ, ಬಿಂಬ. ತೂತು ಚಿಕ್ಕದಾದರೆ ಕೆಳಗೆ ಬೀಳುವುದು ತೂತಿನ ಆಕಾರವಲ್ಲ, ಸೂರ್ಯನ ಬಿಂಬ. ಬೆಳಕು ಮೂರು ಮೀಟರ್ ಸಾಗಿ ಬಂದರೆ ಆ ಬಿಂಬ ಸುಮಾರು 3 ಸೆಂಟಿಮೀಟರ್ ಅಗಲವಿರುತ್ತದೆ. ಹಾಗಾಗಿ ಚುಕ್ಕಿ ಬೇಕಾದಲ್ಲಿ ಒಂದು ಸೆಂಟಿಮೀಟರಿನ ತೂತು ಸಾಕು, ಅದು ಯಾವ ಆಕಾರದ್ದಾದರೂ ನಡೆಯುತ್ತದೆ. ಎಲೆ, ಹಕ್ಕಿ, ಎಳೆ ಬೇಕಾದರೆ ಅಂಗೈ ಅಗಲಕ್ಕಿಂತ ಕಡಿಮೆ ಮಾಡಬೇಡಿ. ಕತ್ತರಿಸುವ ಮೊದಲು ಆ ಜಾಗಕ್ಕೆ ಮೈದಾ ಅಂಟು ಬಳಿದು ಒಣಗಿಸಿ, ಆಮೇಲೆ ಅಂಚಿಗೆ ಸುತ್ತು ಹೊಲಿಗೆ ಹಾಕಿ. ಇಲ್ಲದಿದ್ದರೆ ಎರಡನೆಯ ದಿನಕ್ಕೆ ಸೆಣಬಿನ ಎಳೆಗಳು ಬಿಚ್ಚಿಕೊಂಡು ತೂತು ಬಾಯಿ ಬಿಡುತ್ತದೆ. ಒಂದೇ ಪದರದ ಗೋಣಿಯಲ್ಲಿ ಬೆಳಕು ಎಲ್ಲ ಕಡೆಯಿಂದಲೂ ಸೋರಿ ಚುಕ್ಕಿ ಮಂಕಾಗುತ್ತದೆ. ಎರಡು ಪದರ ಹಾಕಿದ್ದು ಅದಕ್ಕೇ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಚಪ್ಪರವನ್ನು ಬೆಂಚಿನ ನೇರ ಮೇಲೆ ಕಟ್ಟಿದೆವು. ಜನವರಿಯ ಸೂರ್ಯ ನಡುಮಧ್ಯಾಹ್ನದಲ್ಲೂ ದಕ್ಷಿಣಕ್ಕೆ ವಾಲಿರುತ್ತಾನೆ. ಮೂರು ಮೀಟರ್ ಎತ್ತರದ ತಾಟಿನ ನೆರಳು ಆ ಹೊತ್ತಿಗೆ ಎರಡು ಮೀಟರ್ ಉತ್ತರಕ್ಕೆ ಬೀಳುತ್ತದೆ. ಸಂಜೆ ನಾಲ್ಕಕ್ಕೆ ಅದು ಐದು ಮೀಟರ್ ಪೂರ್ವಕ್ಕೆ, ಸ್ವಲ್ಪ ಉತ್ತರ ಹಿಡಿದು, ಸರಿದಿರುತ್ತದೆ. ನೆರಳು ಒಂದು ಕಡೆ, ಬೆಂಚು ಇನ್ನೊಂದು ಕಡೆ! ಆದ್ದರಿಂದ ಕಟ್ಟುವ ಮೊದಲು ಚಪ್ಪರದಷ್ಟೇ ಎತ್ತರದ ಒಂದು ಗಳು ನಿಲ್ಲಿಸಿ, ಹನ್ನೊಂದರಿಂದ ಐದರವರೆಗೆ ಗಂಟೆಗೊಮ್ಮೆ ಅದರ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಜನ ಯಾವ ಹೊತ್ತಿಗೆ ಬರುತ್ತಾರೆಂದು ನಿಮ್ಮ ನೋಟ್‌ಬುಕ್ ಹೇಳುತ್ತದೆ. ಆ ಹೊತ್ತಿನ ಗುರುತು ಬೆಂಚಿನ ಮೇಲೆ ಬರುವಂತೆ ಗಳುವನ್ನು ಹಿಂದಕ್ಕೆ ಸರಿಸಿ. ಚಪ್ಪರದ ಜಾಗ ಅದೇ.

ಕಾಂಕ್ರೀಟಿಗೆ ಗುಂಡಿ ತೋಡಲು ಯಾರೂ ಒಪ್ಪುವುದಿಲ್ಲ, ತೋಡಲೂ ಬಾರದು. 200 ಲೀಟರ್ ಡ್ರಮ್ಮನ್ನು ಅಡ್ಡಕ್ಕೆ ಕೊಯ್ದು, ಪ್ರತಿ ಅರ್ಧಕ್ಕೂ ಒಂದು ಬಿದಿರು ನಿಲ್ಲಿಸಿ, ಮಣ್ಣು ತುಂಬಿ ನೀರು ಹಾಕಿ ಅಮುಕಿ. ಒಂದೊಂದು ತೊಟ್ಟಿಯೂ ನೂರೈವತ್ತು ಕಿಲೋ ಹತ್ತಿರ ತೂಗುತ್ತದೆ. ರಾಸಾಯನಿಕ ತುಂಬಿದ್ದ ಡ್ರಮ್ಮು ಬೇಡ, ಎಣ್ಣೆಯೋ ಬೆಲ್ಲದ ಪಾಕವೋ ಇದ್ದದ್ದನ್ನು ಹುಡುಕಿ. ಹೊಳೆಯ ಗಾಳಿಯನ್ನು ಹಗುರವಾಗಿ ಎಣಿಸಬೇಡಿ. ತಾಟಿನ ನಾಲ್ಕು ಮೂಲೆಗಳಲ್ಲಿ ಎರಡನ್ನು ಭದ್ರವಾಗಿ ಕಟ್ಟಿ, ಇನ್ನೆರಡಕ್ಕೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಕುಣಿಕೆ ಹಾಕಿ. ರಾತ್ರಿ ಒಂಬತ್ತಕ್ಕೆ ಯಾರಾದರೊಬ್ಬರು ಹೋಗಿ ತಾಟುಗಳನ್ನು ಸುತ್ತಿಟ್ಟು ಬರಬೇಕು. ನಾವು ಸರದಿ ಮಾಡಿಕೊಂಡಿದ್ದೆವು.

ಆಮೇಲೆ ಚಿತ್ತಾರ. ನಮ್ಮ ಜಿಲ್ಲೆಯ ಸಾಗರ, ಸೊರಬದ ದೀವರ ಸಮುದಾಯದ ಮನೆಗಳ ಗೋಡೆಗಳಲ್ಲಿ ಹಸೆ ಚಿತ್ತಾರ ನೋಡಿದವರಿಗೆ ನಾನು ಬಣ್ಣಿಸಬೇಕಿಲ್ಲ. ಬಿಳಿಗೆ ಅಕ್ಕಿ ಹಿಟ್ಟು, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಹುರಿದು ಕರಿಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ನೀರಿಗೆ ಬಿದ್ದರೂ ನೀರಿಗೆ ನೋವಾಗದ ಬಣ್ಣಗಳು. ಹೊಳೆಯ ಪಕ್ಕದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ನನಗೆ ಗೊತ್ತಿಲ್ಲ. ಹಳ್ಳಿಯಿಂದ ಮೂವರು ಹೆಂಗಸರನ್ನು ಕರೆಸಿದೆವು. ನಾನು ಹಾದಿಯ ನೆಲ ತೋರಿಸಿ ಇಲ್ಲಿ ಬರೆಯೋಣ ಎಂದಾಗ ಹಿರಿಯಾಕೆ ಕೈ ಕಟ್ಟಿ ನಿಂತರು. ಹಸೆ ಮದುವೆಯ ಗೋಡೆಗೆ ಬರೆಯುವಂಥದ್ದು, ತುಳಿಯುವ ಜಾಗಕ್ಕೆ ತಾನು ಬರೆಯುವುದಿಲ್ಲ ಎಂದರು. ಇದನ್ನು ನಾನು ಮೊದಲೇ ಕೇಳಬೇಕಿತ್ತು. ಯಾವ ಕಲೆಯನ್ನೇ ಕರೆಯಿರಿ, ಅದನ್ನು ಎಲ್ಲಿ ಬರೆಯಬಹುದು, ಎಲ್ಲಿ ಬಾರದು, ಅಳಿಸುವಾಗ ಹೇಗೆ ಅಳಿಸಬೇಕು ಎಂಬುದನ್ನು ಬರೆಯುವವರ ಬಾಯಿಂದ ಕೇಳಿ. ಕೂಲಿಯನ್ನು ಮುಂಚೆಯೇ ಮಾತಾಡಿ, ಮುಂಚೆಯೇ ಕೊಡಿ. ನಮ್ಮ ಖರ್ಚಿನ ದೊಡ್ಡ ಪಾಲು ಅದೇ ಆಗಿತ್ತು, ಆಗಬೇಕಾದದ್ದೂ ಹಾಗೆಯೇ.

ಕೊನೆಗೆ ಅವರು ಬೆಂಚುಗಳ ಹಿಂದಿನ ಮೋಟುಗೋಡೆಗೆ ಬರೆದರು. ಕಾದ ಸಿಮೆಂಟು ಅಕ್ಕಿಯ ಬಿಳಿಯನ್ನು ತಕ್ಷಣ ಹೀರಿ ಹೊಪ್ಪಳೆಯಾಗಿ ಉದುರಿಸಿತು. ಮರುದಿನ ಬೆಳಿಗ್ಗೆ ಆರಕ್ಕೇ ಬಂದು, ಗೋಡೆಗೆ ನೀರು ಚಿಮುಕಿಸಿ ತಣಿಸಿ, ಸಗಣಿ ಕಲಸಿದ ಕೆಮ್ಮಣ್ಣಿನ ತೆಳು ಲೇಪ ಕೊಟ್ಟು, ಅದು ಅರೆ ಒಣಗಿದಾಗ ಬರೆಯತೊಡಗಿದರು. ಆಗ ಎಳೆ ನಿಂತಿತು. ಹಿರಿಯಾಕೆ ಪುಂಡಿ ನಾರನ್ನು ಹೆಬ್ಬೆರಳು ತೋರುಬೆರಳ ನಡುವೆ ಮಲಗಿಸಿ ಹಿಡಿದು, ಉಸಿರು ಬಿಗಿಹಿಡಿದಂತೆ ಒಂದೇ ಎಳೆತಕ್ಕೆ ಒಂದು ಮೊಳ ನೇರ ಗೆರೆ ಎಳೆಯುತ್ತಿದ್ದರು. ಸ್ಕೇಲಿಲ್ಲ, ದಾರವಿಲ್ಲ. ನಡೆಯಲು ಬಂದವರು ಅಲ್ಲೇ ನಿಂತರು. ಬರೆದು ಮುಗಿಸಿದ ಚಿತ್ರಕ್ಕಿಂತ ಬರೆಯುವ ಕೈಗಳು ಜನರನ್ನು ಹೆಚ್ಚು ಹೊತ್ತು ನಿಲ್ಲಿಸುತ್ತವೆ. ಹಾಗಾಗಿ ಎಲ್ಲವನ್ನೂ ಉದ್ಘಾಟನೆಯ ಮೊದಲೇ ಮುಗಿಸುವ ಆತುರ ಬೇಡ. ಹತ್ತು ದಿನವೂ ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಕೆಲಸ ನಡೆಯುತ್ತಿರಲಿ.

ಬಣ್ಣವೇ ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇದೆ. ದಕ್ಷಿಣ ಆಫ್ರಿಕಾದ ಕಲಾವಿದ ವಿಲಿಯಂ ಕೆಂಟ್ರಿಜ್ 2016ರಲ್ಲಿ ರೋಮ್ ನಗರದ ಟೈಬರ್ ನದಿಯ ತಡೆಗೋಡೆಯ ಮೇಲೆ ಅರ್ಧ ಕಿಲೋಮೀಟರಿನಷ್ಟು ಉದ್ದಕ್ಕೆ, ಹತ್ತು ಮೀಟರ್ ಎತ್ತರದವರೆಗಿನ ಎಂಬತ್ತಕ್ಕೂ ಹೆಚ್ಚು ಆಕೃತಿಗಳನ್ನು ಮೂಡಿಸಿದರು. ಒಂದು ಹನಿ ಬಣ್ಣವಿಲ್ಲ. ಆಕೃತಿಯ ಜಾಗವನ್ನು ಅಚ್ಚಿನಿಂದ ಮುಚ್ಚಿ, ಸುತ್ತಲಿನ ಪಾಚಿ, ಕೊಳೆಯನ್ನು ನೀರಿನ ಒತ್ತಡದಿಂದ ತೊಳೆದರು. ತೊಳೆಯದೆ ಉಳಿದ ಕಪ್ಪೇ ಚಿತ್ರ. ಮಲೆನಾಡಿನ ಮಳೆ ಉಂಡ ನಮ್ಮ ಗೋಡೆಗಳಿಗೆ ಪಾಚಿಯ ಬರವೇ ಇಲ್ಲವಲ್ಲ! ವಾಹನ ತೊಳೆಯುವ ಪಂಪು ಬಾಡಿಗೆಗೆ ತಂದು, ಹಳೆಯ ಪ್ಲೈವುಡ್ಡಿನಲ್ಲಿ ನೀರುಕಾಗೆ, ಕೊಕ್ಕರೆಯ ಅಚ್ಚು ಕೊಯ್ದು ಹನ್ನೆರಡು ಮೀಟರ್ ಗೋಡೆಗೆ ಪ್ರಯತ್ನಿಸಿದೆವು. ನಳಿಕೆಯನ್ನು ಗೋಡೆಯಿಂದ ಒಂದು ತೋಳಿನಷ್ಟು ದೂರ ಹಿಡಿಯಿರಿ. ಹತ್ತಿರ ಹಿಡಿದ ಒಂದು ಕಡೆ ಗಾರೆಯೇ ಎದ್ದು ಬಂತು. ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಹಳೆಯ ಕಲ್ಲಿನ ಮೆಟ್ಟಿಲು, ಮಂಟಪ, ದೇವಸ್ಥಾನದ ಗೋಡೆಗಳ ಹತ್ತಿರ ಈ ಪಂಪನ್ನು ಒಯ್ಯಲೇಬೇಡಿ.

ಅನುಮತಿಗೆ ಒಂದು ತಿಂಗಳು ಇಟ್ಟುಕೊಳ್ಳಿ. ಹಾದಿ ಯಾರ ಸುಪರ್ದಿಯಲ್ಲಿದೆ ಎಂದು ಮೊದಲು ತಿಳಿದು, ಒಂದೇ ಪುಟದ ಅರ್ಜಿ ಬರೆಯಿರಿ: ಎಷ್ಟು ಉದ್ದ, ಎಷ್ಟು ದಿನ, ಯಾವ ಸಾಮಗ್ರಿ, ಯಾವ ದಿನ ತೆಗೆಯುತ್ತೇವೆ, ತೆಗೆದ ಮೇಲೆ ನೆಲ ಹೇಗಿರುತ್ತದೆ. ನಮ್ಮ ಅರ್ಜಿ ಒಂದು ಕಚೇರಿಯಲ್ಲಿ ಮೂರು ವಾರ ಕದಲಲಿಲ್ಲ. ತೆಗೆಯುವ ದಿನಾಂಕವನ್ನು ಮೊದಲ ಸಾಲಿಗೆ ತಂದು ಮತ್ತೆ ಬರೆದುಕೊಟ್ಟ ಮೇಲೆ ಕದಲಿತು. ಅಧಿಕಾರಿಗಳಿಗೆ ಶಾಶ್ವತವಾದದ್ದರ ಹೊಣೆ ಹೊರುವುದು ಕಷ್ಟ, ಹತ್ತು ದಿನದ್ದಕ್ಕೆ ಒಪ್ಪುತ್ತಾರೆ.

ದೀಪ ಬೇಕಾದರೆ ನೆಲದ ಕಡೆಗೆ ತಿರುಗಿಸಿ. ನೀರಿನ ಮೇಲೆ ಹಾಯಿಸಬೇಡಿ, ಅಲ್ಲಿ ಹಕ್ಕಿಗಳು ಮಲಗಿರುತ್ತವೆ. ಧ್ವನಿವರ್ಧಕ ಬೇಡ.

ಮೊದಲ ಮೂರು ದಿನ ಕುಳಿತಂತೆಯೇ ಕೊನೆಯ ಮೂರು ದಿನವೂ ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ. ನಮ್ಮ ಚಪ್ಪರದ ಕೆಳಗೆ ಮಧ್ಯಾಹ್ನ ಮೂರಕ್ಕೆ ಹೆಂಗಸರು ಬುತ್ತಿ ಬಿಚ್ಚಿದರು. ಮಕ್ಕಳು ಸರಿಯುವ ಚುಕ್ಕಿಗಳನ್ನು ಸೀಮೆಸುಣ್ಣದಲ್ಲಿ ಹಿಂಬಾಲಿಸಿ ಗೆರೆ ಎಳೆದರು. ಕುಳಿತವರ ಜಾಗಗಳನ್ನೆಲ್ಲ ಒಂದು ನಕ್ಷೆಯಲ್ಲಿ ಗುರುತಿಸಿ ಅದೇ ಕಚೇರಿಗೆ ಕೊಟ್ಟೆವು.

ತೆಗೆಯುವ ದಿನ ಮಾತು ತಪ್ಪಬೇಡಿ. ಗೋಡೆಯ ಚಿತ್ತಾರವನ್ನು ಬರೆದವರೇ ನೀರು ಹಾಕಿ ಅಳಿಸಿದರು. ಗೋಣಿ ತಾಟುಗಳು ಒಂದು ಸಸ್ಯಕ್ಷೇತ್ರಕ್ಕೆ ಹೋದವು. ಬಿದಿರು ಕಿತ್ತ ಮೇಲೆ ಮಣ್ಣು ತುಂಬಿದ ತೊಟ್ಟಿಗಳು ಉಳಿದವು. ಅವುಗಳಲ್ಲಿ ಮೂರಕ್ಕೆ ಹೊಳೆಮತ್ತಿಯ ಸಸಿ ನೆಟ್ಟು ಅನುಮತಿ ಕೇಳಿ ಅಲ್ಲೇ ಬಿಟ್ಟೆವು. ಬೇಸಿಗೆಯುದ್ದಕ್ಕೂ ಚಹಾ ಮಾರುವವರೊಬ್ಬರು ದಿನಕ್ಕೆರಡು ಕೊಡ ನೀರು ಹಾಕಿದರು. ಜೂನಿನಲ್ಲಿ ಅವನ್ನು ಹಾದಿಯ ಅಂಚಿನ ನೆಲಕ್ಕೆ ಇಳಿಸಲು ಒಪ್ಪಿಗೆ ಬಂತು. ಗುಂಡಿ ತೋಡಲು ಬಂದವರಿಗೆ ನಾನು ಸೀಮೆಸುಣ್ಣದಲ್ಲಿ ಜಾಗ ತೋರಿಸಿದೆ: ಬೆಂಚಿನ ಪಕ್ಕದಲ್ಲಲ್ಲ, ಅದರಿಂದ ಐದು ಮೀಟರ್ ಪಶ್ಚಿಮಕ್ಕೆ, ಸ್ವಲ್ಪ ದಕ್ಷಿಣ ಹಿಡಿದು.