ಟೂಲ್ ಖಾನೆ ಕೊನೆಗೆ: ಭಾವಿ ಶಿಕ್ಷಕರನ್ನು ತಯಾರು ಮಾಡಿದ ನನ್ನ ಅನುಭವ

ಪಾಠ ಯೋಜನೆಯಲ್ಲಿ 'ಬಳಸುವ ತಂತ್ರಜ್ಞಾನ' ಅನ್ನುವ ಖಾನೆ ಮೇಲ್ಗಡೆ ಇರುತ್ತಿತ್ತು. ಅದನ್ನು ಕೊನೆಗೆ ತಳ್ಳಿದೆ. ಮುಖ್ಯವಾಗಿ ಮಾಡಿದ್ದು ಇಷ್ಟೇ. ಇದರಿಂದ ಏನೂ ಬದಲಾಗುವುದಿಲ್ಲ ಅಂದಿದ್ದ ಸಹೋದ್ಯೋಗಿಗಳು, ಮೂರು ಬ್ಯಾಚ್ ಆದ ಮೇಲೆ ಈಗ ತಾವೇ ಬಂದು ನನ್ನ ನಮೂನೆ ಕೇಳಿ ಪಡೆಯುತ್ತಿದ್ದಾರೆ.

ಮೊದಲ ಎರಡು ವರ್ಷ ನಾನೂ ಎಲ್ಲರ ಹಾಗೆ ಪ್ರತ್ಯೇಕ ಕಂಪ್ಯೂಟರ್ ಕೋರ್ಸ್ ನಡೆಸಿದೆ. ಸುಮಾರು 40 ಗಂಟೆ. ಸ್ಲೈಡ್, ವಿಡಿಯೋ ಎಡಿಟಿಂಗ್, ಕ್ವಿಜ್ ಆ್ಯಪ್. ಎಲ್ಲರಿಗೂ ಒಳ್ಳೆಯ ಅಂಕ ಬಂತು. ಅವರು ಶಾಲೆಯ ಮಕ್ಕಳಿಗೆ ಪಾಠ ಮಾಡಿ ಕಲಿಯುವ ಅಭ್ಯಾಸ ಬೋಧನೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿದರೆ ಹೊಟ್ಟೆ ಉರಿಯಿತು. ಪಠ್ಯಪುಸ್ತಕದ ಸಾಲುಗಳೇ ಸ್ಲೈಡಿಗೆ ಬಂದಿದ್ದವು, ಅದನ್ನೇ ಓದಿ ಹೇಳುತ್ತಿದ್ದರು. ಕಲಿಕಾ ಫಲದಲ್ಲಿ, ಅಂದರೆ ಪಾಠದ ನಂತರ ಮಕ್ಕಳು ಏನು ಮಾಡಬಲ್ಲರು ಅನ್ನುವಲ್ಲಿ, 'ಹೋಲಿಸುತ್ತಾರೆ', 'ಕಾರಣ ಕೊಡುತ್ತಾರೆ' ಅಂತ ಬರೆದಿತ್ತು. ಮಕ್ಕಳು ಸುಮ್ನೆ ಪರದೆ ನೋಡುತ್ತಾ ಕೂತಿದ್ದರು.

ದುಡ್ಡಿನ ವಿಷಯಕ್ಕೆ ಬಂದರೆ, ಆ ವರ್ಷ ವಿಭಾಗಕ್ಕೆ ಸಿಕ್ಕ ಹಣದಲ್ಲಿ ಮುಕ್ಕಾಲು ಪಾಲು ಒಂದೇ ಸ್ಮಾರ್ಟ್ ಬೋರ್ಡಿಗೆ ಹೋಯಿತು. ಹಠ ಹಿಡಿದು ತರಿಸಿದ್ದು ನಾನೇ. ಮೊದಲ ವರ್ಷ ಪುಕ್ಕಟೆ ಸಿಕ್ಕಿದ್ದ ಸಾಫ್ಟ್‌ವೇರ್ ಎರಡನೇ ವರ್ಷ ಲೈಸೆನ್ಸ್ ಹಣ ಕೇಳಿತು. ಕಟ್ಟಲಿಲ್ಲ. ಬೋರ್ಡು ಬರೀ ಪರದೆಯಾಯಿತು. ಆಮೇಲೆ ಗಣಿತದ ಗೆರೆ, ಆಕೃತಿಗಳನ್ನು ತೋರಿಸುವ ಜಿಯೋಜಿಬ್ರಾ ಮತ್ತು ವಿಜ್ಞಾನದ ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿನೋಡುವ ಫೆಟ್, ಇವೆರಡಕ್ಕೇ ಅಂಟಿಕೊಂಡೆ. ಫೆಟ್ 2002ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಅದರ ಸಿಮ್ಯುಲೇಶನ್‌ಗಳನ್ನು ಡೌನ್‌ಲೋಡ್ ಮಾಡಿಟ್ಟರೆ ಇಂಟರ್ನೆಟ್ ಇಲ್ಲದೆಯೂ ಓಡುತ್ತವೆ. ಉಳಿದ ಹಣ ಎಕ್ಸ್‌ಟೆನ್ಷನ್ ಬೋರ್ಡ್, ಸ್ಪೀಕರ್, ಹಳೆಯ ಲ್ಯಾಪ್‌ಟಾಪ್‌ಗಳ ಬ್ಯಾಟರಿಗೆ ಹೋಯಿತು. ಹಾಕಿದ ದುಡ್ಡು ತರಗತಿಯಲ್ಲಿ ಕೆಲಸಕ್ಕೆ ಬಂದದ್ದು ಆಗಲೇ.

ಈಗ ನಮೂನೆಯ ಮೊದಲ ಖಾನೆಯಲ್ಲಿ ಕಲಿಕಾ ಫಲದ ಕ್ರಿಯಾಪದ ಇರುತ್ತದೆ. ಎರಡನೆಯದರಲ್ಲಿ, ಮಗು ಕಲಿತಿದೆ ಅನ್ನುವುದಕ್ಕೆ ಪೀರಿಯಡ್ ಮುಗಿದಾಗ ನನ್ನ ಕೈಗೆ ಏನು ಸಿಗುತ್ತದೆ ಅಂತ ಬರೆಯಬೇಕು. ಒಂದು ಚೀಟಿ, ಒಂದು ಚಿತ್ರ, ಏನಾದರೂ ಸರಿ. ಮೂರನೆಯದರಲ್ಲಿ, ಮಕ್ಕಳು ಎಲ್ಲಿ ಎಡವುತ್ತಾರೆ. ಈ ಮೂರಕ್ಕೂ ನನ್ನ ಸಹಿ ಬೀಳುವ ತನಕ ಟೂಲ್ ಹೆಸರು ಎತ್ತುವ ಹಾಗಿಲ್ಲ. ನಾಲ್ಕನೆಯದರಲ್ಲಿ ಟೂಲ್, ಅದರ ಪಕ್ಕದಲ್ಲೇ ಒಂದು ಪ್ರಶ್ನೆ: ಇದು ಇಲ್ಲದಿದ್ದರೆ ಏನು ತಪ್ಪಿಹೋಗುತ್ತದೆ? 'ಏನೂ ಇಲ್ಲ' ಅಂತಾದರೆ ಸೀಮೆಸುಣ್ಣ ಸಾಕು. ಮೊದಲ ತಿಂಗಳು ಹತ್ತರಲ್ಲಿ ನಾಲ್ಕು ಯೋಜನೆ ಸೀಮೆಸುಣ್ಣಕ್ಕೇ ವಾಪಸ್ಸಾದವು. "ತಂತ್ರಜ್ಞಾನದ ಕೋರ್ಸಲ್ಲಿ ತಂತ್ರಜ್ಞಾನವನ್ನೇ ತೆಗೆಸ್ತೀರಲ್ಲ ಸರ್" ಅಂತ ಮಾತು ಬಂತು. ಬರಲಿ ಅಂದುಕೊಂಡೆ.

ಒಬ್ಬ ಪ್ರಶಿಕ್ಷಣಾರ್ಥಿಯ ಗಣಿತ ಪಾಠ ಹೇಳಲೇಬೇಕು. ವಿಷಯ y = mx + c. ಜಿಯೋಜಿಬ್ರಾದಲ್ಲಿ m ಬೆಲೆ ಬದಲಿಸುವ ಸ್ಲೈಡರ್ ಎಳೆದಳು, ಗೆರೆ ತಿರುಗಿತು, ಮಕ್ಕಳು "ಓ" ಅಂದರು. ಪಾಠ ಗೆದ್ದೆ ಅಂತ ಮುಖ ಅರಳಿತ್ತು. ಕೊನೆಯ ಚೀಟಿಯಲ್ಲಿ ಕೇಳಿದ್ದು, m ಬೆಲೆ -2 ಆದರೆ ಗೆರೆ ಎತ್ತ ವಾಲುತ್ತದೆ, ಯಾಕೆ? 34 ಮಕ್ಕಳಲ್ಲಿ ಒಂಬತ್ತೋ ಹತ್ತೋ ಸರಿ. ಜಾಸ್ತಿ ಮಕ್ಕಳು 'ಇಡೀ ಗೆರೆ ಕೆಳಗೆ ಇಳಿಯುತ್ತದೆ' ಅಂತ ಬರೆದಿದ್ದರು. ಗೆರೆಯನ್ನು ವಾಲಿಸುವುದು m, ಮೇಲೆ ಕೆಳಗೆ ಸರಿಸುವುದು c. m ಮಾಡುವ ಕೆಲಸವನ್ನು c ಮಾಡುವ ಕೆಲಸದ ಜೊತೆ ಕಲಸಿಕೊಂಡಿದ್ದರು. ಆಕೆ ಅತ್ತುಬಿಟ್ಟಳು. ಅದೇ ಯೋಜನೆಯನ್ನು ಮುಂದಿನ ವಾರ ಬೇರೆ ಸೆಕ್ಷನ್‌ಗೆ ಒಂದೇ ಬದಲಾವಣೆಯೊಂದಿಗೆ ಮಾಡಿಸಿದೆ. ಸ್ಲೈಡರ್ ಮುಟ್ಟುವ ಮೊದಲು ಪ್ರತಿ ಮಗುವೂ ಗೆರೆ ಎಲ್ಲಿಗೆ ಹೋಗುತ್ತದೆ ಅಂತ ಪೆನ್ಸಿಲ್‌ನಲ್ಲಿ ಎಳೆದಿಡಬೇಕು, ಅಳಿಸುವ ಹಾಗಿಲ್ಲ. ಆಮೇಲೆ ಸ್ಲೈಡರ್ ಎಳೆದಾಗ "ಓ" ಅನ್ನಲಿಲ್ಲ, ಜಗಳಕ್ಕೆ ಬಿದ್ದರು. ಈ ಸಲ ಚೀಟಿಯಲ್ಲಿ ಸುಮಾರು 26 ಸರಿ. ಸಾಫ್ಟ್‌ವೇರ್ ಅದೇ, ಪಾಠ ಮಾಡಿದವಳೂ ಅವಳೇ.

ಮಧ್ಯೆ ಇನ್ನೊಂದು ಪ್ರಯೋಗಕ್ಕೂ ಕೈ ಹಾಕಿದೆ. ಪಾಠ ಮಾಡುವವರ ಜೇಬಿನಲ್ಲಿ ಫೋನ್ ಇಟ್ಟು ಧ್ವನಿ ರೆಕಾರ್ಡ್ ಮಾಡಿಸಿದೆ. ಪ್ರಶ್ನೆ ಕೇಳಿ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡ್ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದು ನಮಗೆಲ್ಲ ಗೊತ್ತು, ಪರೀಕ್ಷೆಗೂ ಬರೆದಿರುತ್ತೇವೆ. ತಮ್ಮದೇ ಧ್ವನಿ ಕೇಳುತ್ತಾ ಸ್ಟಾಪ್‌ವಾಚ್ ಹಿಡಿದಾಗಲೇ ಅದು ತಲೆಗೆ ಹೋದದ್ದು. ಮೂರನೇ ರೆಕಾರ್ಡಿಂಗ್ ಹೊತ್ತಿಗೆ ಹೆಚ್ಚಿನವರು ಮೂರು ಸೆಕೆಂಡ್ ಕಾಯುತ್ತಿದ್ದರು. ಇದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ನಾನು ಮಾಡಿಸಿದ ತಂತ್ರಜ್ಞಾನದ ಕೆಲಸಗಳಲ್ಲಿ ಇದೇ ಎಲ್ಲಕ್ಕಿಂತ ಒಳ್ಳೆಯದು ಅನ್ನುವುದು ನನ್ನ ನಂಬಿಕೆ.

ಫೆಟ್‌ನಲ್ಲಿ ವಿದ್ಯುತ್ ಸರ್ಕ್ಯೂಟ್ ಮಾಡಿಸಿ ಆಮೇಲೆ ನಿಜವಾದ ಬಲ್ಬು ಕೊಟ್ಟಾಗ ಮಾತ್ರ ಎಡವಟ್ಟಾಯಿತು. ಸಿಮ್ಯುಲೇಶನ್‌ನಲ್ಲಿ ತಂತಿ ಸಡಿಲವಾಗುವುದಿಲ್ಲ ಅಲ್ವಾ! ಬಲ್ಬು ಉರಿಯದಿದ್ದಾಗ ಮಕ್ಕಳು ನಿಯಮವೇ ತಪ್ಪು ಅಂದುಕೊಂಡರು. ಈಗ ಮೊದಲು ಬಲ್ಬು, ನಂತರ ಪರದೆ, ಮತ್ತೆ ಬಲ್ಬು. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ.

ಪ್ರಶಿಕ್ಷಣಾರ್ಥಿಗಳನ್ನು ಮೂವರ ಗುಂಪು ಮಾಡುವಾಗ ಯಾರ ಜೊತೆ ಯಾರನ್ನು ಕೂಡಿಸುತ್ತೇನೆ, ಯೋಜನೆಗೆ ಸಹಿ ಹಾಕುವ ಮೊದಲು ನಾನು ಕೇಳುವ ಎರಡು ಪ್ರಶ್ನೆ ಯಾವುವು, ಇವನ್ನು ಇಲ್ಲಿ ಬರೆಯುವುದಿಲ್ಲ. ಬಹಳ ವರ್ಷ ಪಟ್ಟ ಪಾಡಿನಿಂದ ಸಿಕ್ಕಿದ್ದು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಭಾಷಾ ಪಾಠಕ್ಕೆ ಈ ನಮೂನೆ ಇನ್ನೂ ಸರಿಯಾಗಿ ಹೊಂದಿಲ್ಲ. 'ಪದ್ಯವನ್ನು ಆಸ್ವಾದಿಸುತ್ತಾರೆ' ಅನ್ನುವ ಫಲಕ್ಕೆ ಎರಡನೇ ಖಾನೆಯಲ್ಲಿ ಏನು ಬರೆಯಬೇಕು ಅಂತ ಎಲ್ಲರೂ ಪೆನ್ನು ಕಚ್ಚುತ್ತಾರೆ. ಮಕ್ಕಳು ಒಂದೇ ಪದ್ಯವನ್ನು ಎರಡು ಬಗೆಯಲ್ಲಿ ಓದಿ ರೆಕಾರ್ಡ್ ಮಾಡಲಿ, ಯಾವುದು ಯಾಕೆ ಇಷ್ಟ ಅಂತ ಒಂದು ವಾಕ್ಯ ಬರೆಯಲಿ ಅಂದುಕೊಂಡಿದ್ದೇನೆ. ಮುಂದಿನ ಬ್ಯಾಚ್‌ನಲ್ಲಿ ಆರು ಜನ ಭಾಷಾ ವಿಷಯದವರಿದ್ದಾರೆ. ಮೊದಲ ವಾರವೇ ಅವರಿಂದ ಮಾಡಿಸಿ ನೋಡುತ್ತೇನೆ.