ಮೈಸೂರಿನಿಂದ ಲ್ಯಾಪ್‌ಲ್ಯಾಂಡ್‌ಗೆ: ಹಿಮದಲ್ಲಿ ಮೈ ಒಣಗಿದ್ದರೆ ಸಾಕು

ಮೈಸೂರಿನಲ್ಲಿ ಜನವರಿಯ ಮುಂಜಾನೆ 16 ಡಿಗ್ರಿಗೆ ಇಳಿದರೆ ಸ್ವೆಟರ್, ಮಫ್ಲರ್ ಹೊರಬರುತ್ತವೆ. ಫಿನ್‌ಲ್ಯಾಂಡಿನ ಉತ್ತರಕ್ಕಿರುವ ಲ್ಯಾಪ್‌ಲ್ಯಾಂಡ್‌ನಲ್ಲಿ ಆ ಹೊತ್ತಿಗೆ ಮೈನಸ್ 10 ಮಾಮೂಲು, ಮೈನಸ್ 30ಕ್ಕೂ ಇಳಿಯುವುದುಂಟು. ಹೊರಡುವವರೆಲ್ಲ ಕೇಳುವುದು ಎಷ್ಟು ದಪ್ಪದ ಜಾಕೆಟ್ ಬೇಕು ಅಂತ. ಆದರೆ ಅಲ್ಲಿ ಚಳಿ ಹತ್ತುವುದು ಮೈ ಒದ್ದೆಯಾದವರಿಗೆ. ಬೆವರು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿಯೇ ನಾವು ಬಟ್ಟೆಯಿಂದ ಕ್ಯಾಮೆರಾವರೆಗೆ ಎಲ್ಲವನ್ನೂ ಹೊಂದಿಸಿಕೊಂಡೆವು.

ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಿ. ದಸರಾ ರಜೆಗೆ ಹೋದರೆ ಅಲ್ಲಿ ನೆಲದ ಮೇಲೆ ಹಿಮ ನಿಂತಿರುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಲ್ಯಾಪ್‌ಲ್ಯಾಂಡಿನ ಮುಖ್ಯ ಊರಾದ ರೊವಾನಿಯೆಮಿಯಲ್ಲಿ ಹಗಲೆಂದರೆ ಸುಮಾರು ಎರಡು ಗಂಟೆ. ಇನ್ನೂ ಉತ್ತರದ ಇನಾರಿಯಲ್ಲಿ ಡಿಸೆಂಬರ್ ಆರಂಭದಿಂದ ಜನವರಿ ಎರಡನೇ ವಾರದ ತನಕ ಸೂರ್ಯ ಹುಟ್ಟುವುದೇ ಇಲ್ಲ, ನಡುಹಗಲಲ್ಲಿ ಒಂದಿಷ್ಟು ಹೊತ್ತು ನಸುಬೆಳಕು ಮಾತ್ರ. ಕ್ರಿಸ್‌ಮಸ್ ಜನಜಂಗುಳಿಯಿಂದ ರೂಮಿನ ದರವೂ ಏರಿರುತ್ತದೆ. ಹಿರಿಯರು ಜೊತೆಗಿದ್ದರೆ ಮಾರ್ಚ್ ಎಲ್ಲಕ್ಕಿಂತ ಒಳ್ಳೆಯದು: ಹಿಮ ಆಳವಾಗಿರುತ್ತದೆ, ಹಗಲು ಉದ್ದ, ರಾತ್ರಿ ಅರೋರಾ, ಅಂದರೆ ಆಕಾಶದಲ್ಲಿ ಆಡುವ ಬಣ್ಣದ ಬೆಳಕು, ನೋಡುವಷ್ಟು ಕತ್ತಲೂ ಇರುತ್ತದೆ. ಮಕ್ಕಳ ಪರೀಕ್ಷೆ ಅಡ್ಡ ಬರುವ ಮನೆಯವರು ಡಿಸೆಂಬರಿಗೇ ಹೋಗಬೇಕಾದೀತು, ಅಂಥವರು ಬೇಸಿಗೆಯಲ್ಲೇ ರೂಮು ಹಿಡಿದಿಡಲಿ.

ಫಿನ್‌ಲ್ಯಾಂಡಿಗೆ ಬೇಕಾದ ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ) ಪ್ರಯಾಣದ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು. ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ಹೆಲ್ಸಿಂಕಿಯಿಂದ ರೊವಾನಿಯೆಮಿಗೆ ರಾತ್ರಿ ರೈಲಿದೆ, ಸುಮಾರು 12 ಗಂಟೆ. ಮಲಗುವ ಕ್ಯಾಬಿನ್ ಸಿಕ್ಕರೆ ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ.

ಇನ್ನು ಬಟ್ಟೆ. ಮೈಗೆ ಅಂಟಿದಂತೆ ಮೆರಿನೊ ಉಣ್ಣೆಯ ಥರ್ಮಲ್, ಅದರ ಮೇಲೆ ಫ್ಲೀಸ್ (ಮೆತ್ತನೆಯ ಸಿಂಥೆಟಿಕ್ ಬಟ್ಟೆಯ ಮೇಲಂಗಿ), ಹೊರಗೆ ಗಾಳಿ ತಡೆಯುವ ಜಾಕೆಟ್ ಮತ್ತು ಪ್ಯಾಂಟು. ಹತ್ತಿ ಬನಿಯನ್ ಖಂಡಿತ ಬೇಡ. ಹತ್ತಿ ಬೆವರು ಹೀರಿ ಹಾಗೇ ಇಟ್ಟುಕೊಳ್ಳುತ್ತದೆ; ನಡೆಯುವಾಗ ಗೊತ್ತಾಗುವುದಿಲ್ಲ, ಬಸ್ಸಿಗೆ ಕಾಯುತ್ತ ನಿಂತಾಗ ಬೆನ್ನು ಕೊರೆಯಲು ಶುರುವಾಗುತ್ತದೆ. ಏರು ಹತ್ತುವಾಗ ಬೆವರುವ ಮುಂಚೆಯೇ ಜಿಪ್ ಇಳಿಸಬೇಕು, ನಿಂತ ಕೂಡಲೇ ಏರಿಸಬೇಕು. ಸೀರೆ ಉಡುವ ಹಿರಿಯರೂ ಹೊರಗೆ ಓಡಾಡಲು ಪ್ಯಾಂಟು ಹಾಕಲೇಬೇಕು, ಏಕೆಂದರೆ ಸೀರೆಯ ಅಂಚು ಹಿಮದಲ್ಲಿ ನೆನೆದು ಸೆಟೆದುಕೊಳ್ಳುತ್ತದೆ. ನಮ್ಮತ್ತೆಯವರಿಗೆ ಮನೆಯಲ್ಲೇ ಅದರ ಅಭ್ಯಾಸ ಮಾಡಿಸಿದೆವು. ಹಸ್ಕಿ ನಾಯಿಗಳ ಬಂಡಿ, ಹಿಮದ ಬೈಕು ಸವಾರಿ ಏರ್ಪಡಿಸುವವರು ಸಾಮಾನ್ಯವಾಗಿ ದಪ್ಪ ಓವರಾಲ್ ಮತ್ತು ಬೂಟು ತಾವೇ ಕೊಡುತ್ತಾರೆ. ಬುಕ್ ಮಾಡುವಾಗ ಕೇಳಿ ಖಚಿತ ಮಾಡಿಕೊಂಡರೆ ದುಬಾರಿ ಹೊರಜಾಕೆಟ್ ಕೊಳ್ಳಬೇಕಾಗಿಲ್ಲ. ದುಡ್ಡು ಹಾಕುವುದಿದ್ದರೆ ಥರ್ಮಲ್‌ಗೆ ಹಾಕಿ.

ಬೂಟು ನಿಮ್ಮ ಅಳತೆಗಿಂತ ಒಂದು ಸೈಜು ದೊಡ್ಡದಿರಲಿ. ಒಂದು ತೆಳು, ಒಂದು ದಪ್ಪ ಉಣ್ಣೆಯ ಕಾಲುಚೀಲ ಹಾಕಿದ ಮೇಲೂ ಬೆರಳು ಒಳಗೆ ಆಡಬೇಕು. ಮೂರನೆಯದನ್ನು ತುರುಕಿದರೆ ಬಿಗಿಯಾಗಿ ರಕ್ತ ಓಡಾಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ರಾತ್ರಿ ಒಳಪಟ್ಟಿ ತೆಗೆದು ಬೇರೆಯಾಗಿ ಒಣಗಿಸಿ. ಬೂಟಿನೊಳಗೆ ಹಳೇ ಪೇಪರ್ ತುರುಕಿಟ್ಟರೆ ತೇವ ಎಳೆದುಕೊಳ್ಳುತ್ತದೆ. ಐದು ಬೆರಳಿನ ಗ್ಲೌಸಿಗಿಂತ ನಾಲ್ಕು ಬೆರಳು ಒಟ್ಟಿಗೆ ಇರುವ ಚೀಲದಂಥ ಕೈಗವಸು ಬೆಚ್ಚಗೆ. ಅದರೊಳಗೊಂದು ತೆಳು ಗ್ಲೌಸ್ ಇದ್ದರೆ ಫೋನ್ ಮುಟ್ಟುವಾಗ ಚರ್ಮ ಬಯಲಾಗುವುದಿಲ್ಲ. ಊರೊಳಗಿನ ಕಾಲುದಾರಿಗಳಲ್ಲಿ ಹಿಮಕ್ಕಿಂತ ಮಂಜುಗಡ್ಡೆಯ ಭಯ ಹೆಚ್ಚು. ಬೂಟಿನ ತಳಕ್ಕೆ ಸಿಕ್ಕಿಸುವ ಮೊಳೆಪಟ್ಟಿ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ, ಹಿರಿಯರಿಗೆ ಮೊದಲ ದಿನವೇ ಕೊಂಡುಕೊಡಿ.

ಕೆನ್ನೆ, ಮೂಗಿನ ತುದಿ, ಕಿವಿ ಬಿಳಿಚಿಕೊಂಡು ಜೋಮು ಹಿಡಿದರೆ ಒಳಗೆ ಬಂದು ಬೆಚ್ಚಗಿನ ಅಂಗೈ ಒತ್ತಿ ಹಿಡಿಯಬೇಕು. ಉಜ್ಜಬಾರದು, ಹಿಮದಿಂದಂತೂ ಸಲ್ಲದು: ಚರ್ಮ ಕಿತ್ತು ಗಾಯವಾಗುತ್ತದೆ. ನೋಡಿಕೊಳ್ಳಲು ತಮಗೇ ಆಗುವುದಿಲ್ಲವಾದ್ದರಿಂದ ಇಬ್ಬಿಬ್ಬರು ಜೋಡಿಯಾಗಿ ಒಬ್ಬರ ಮುಖ ಒಬ್ಬರು ಗಮನಿಸುತ್ತಿರಬೇಕು. ಓಲೆ, ಮೂಗುಬೊಟ್ಟು ಬಿಚ್ಚಿಟ್ಟು ಹೋಗಿ. ಲೋಹ ಚಳಿಯನ್ನು ನೇರ ಚರ್ಮಕ್ಕೆ ದಾಟಿಸುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಸಣ್ಣ ಬಾಯಿಯ ಬಾಟಲಿಯಲ್ಲಿ ತಂದರೆ ಹೊರಗೆ ಬರುವುದೇ ಇಲ್ಲ. ತುಟಿಗೆ, ಕೆನ್ನೆಗೆ ವ್ಯಾಸಲೀನ್ ಡಬ್ಬಿ ಸಾಕು.

ಅರೋರಾ ನೋಡಲು ಮೊದಲು ಬೇಕಾದದ್ದು ಮೋಡವಿಲ್ಲದ ಆಕಾಶ. ಲ್ಯಾಪ್‌ಲ್ಯಾಂಡ್ ಅರೋರಾ ವಲಯದ ಕೆಳಗೇ ಇರುವುದರಿಂದ ಕೆಪಿ ಸೂಚ್ಯಂಕ (ಅರೋರಾದ ಬಲ ಅಂದಾಜಿಸುವ 0ಯಿಂದ 9ರ ಅಳತೆ) 2 ಇದ್ದರೂ ಕಾಣಬಹುದು. ಮೋಡ ಮುಚ್ಚಿದರೆ 6 ಇದ್ದರೂ ಏನೂ ಕಾಣದು. ಫಿನ್‌ಲ್ಯಾಂಡ್ ಹವಾಮಾನ ಸಂಸ್ಥೆಯ ಮೋಡದ ಮುನ್ಸೂಚನೆ ನೋಡಿಯೇ ಹೊರಡಿ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ಲೆನ್ಸಿನ ಕಿಂಡಿ ಎಫ್ 2.8, ಬೆಳಕು ಹಿಡಿಯುವ ಸೂಕ್ಷ್ಮತೆ ಐಎಸ್‌ಒ 1600, ಶಟರ್ ತೆರೆದಿರುವ ಹೊತ್ತು 8 ಸೆಕೆಂಡು, ಇಲ್ಲಿಂದ ಶುರು ಮಾಡಿ. ಫೋಕಸ್ ಅನ್ನು ಒಂದು ನಕ್ಷತ್ರದ ಮೇಲೆ ಕೈಯಿಂದಲೇ ಹೊಂದಿಸಿ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಇನ್ನೆರಡನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಒಳಗೆ ಹೋಗುವ ಮುಂಚೆ, ಹೊರಗೇ ನಿಂತು, ಕ್ಯಾಮೆರಾವನ್ನು ಜಿಪ್ ಚೀಲಕ್ಕೆ ಹಾಕಿ ಬಿಗಿಯಾಗಿ ಮುಚ್ಚಬೇಕು. ಮನೆಯ ಬೆಚ್ಚನೆ ಗಾಳಿಯ ತೇವ ಆಗ ಚೀಲದ ಮೇಲೆ ಕೂರುತ್ತದೆ, ಲೆನ್ಸಿನ ಮೇಲಲ್ಲ. ಎರಡು ಗಂಟೆ ಚೀಲ ತೆರೆಯಬೇಡಿ.

ಊಟಕ್ಕೆ ಅಡುಗೆಮನೆ ಇರುವ ಕ್ಯಾಬಿನ್ ಹಿಡಿಯುವುದು ಸಸ್ಯಾಹಾರಿಗಳಿಗೆ ಒಳ್ಳೆಯದು. ಆದರೆ ಯುರೋಪಿಯನ್ ಒಕ್ಕೂಟದೊಳಕ್ಕೆ ಹೊರಗಿನಿಂದ ತುಪ್ಪ, ಹಾಲಿನ ಪುಡಿ, ಪನೀರ್ ತರುವಂತಿಲ್ಲ. ಹಸಿ ಕರಿಬೇವು, ನಿಂಬೆಹಣ್ಣಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ನಾವು ಒಯ್ದದ್ದು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಗಟ್ಟಿ ಅವಲಕ್ಕಿ, ಎಣ್ಣೆಯಲ್ಲಿ ಹುರಿದ ಉಪ್ಪಿಟ್ಟಿನ ರವೆ, ರಾಗಿ ಹುರಿಹಿಟ್ಟು. ಅಕ್ಕಿ, ಹಾಲು, ಮೊಸರು, ಬೆಣ್ಣೆ ಅಲ್ಲೇ ಸಿಗುತ್ತವೆ. ಬೆಣ್ಣೆ ಕಾಯಿಸಿದರೆ ತುಪ್ಪವೂ ಆಯಿತು. ನಲ್ಲಿ ನೀರು ಹಾಗೇ ಕುಡಿಯಬಹುದು. ಒಣ ಹವೆಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಹೊರಗೆ ಹೋಗುವಾಗ ಫ್ಲಾಸ್ಕಿನಲ್ಲಿ ಬಿಸಿನೀರು ಇರಲಿ. ಒಲೆ ಇಂಡಕ್ಷನ್ ಆಗಿದ್ದರೆ ಅಲ್ಯೂಮಿನಿಯಂ ಕುಕ್ಕರ್ ಕಾಯುವುದಿಲ್ಲ. ತಳಕ್ಕೆ ಅಯಸ್ಕಾಂತ ಕಚ್ಚುವ 2 ಲೀಟರಿನ ಸ್ಟೀಲ್ ಕುಕ್ಕರ್ ಒಯ್ದರೆ ನಾಲ್ಕು ಜನರ ಅನ್ನಕ್ಕೆ ಸಾಕು.